ಡಿ.ಎಲ್.ಇಡಿ.ಯಿಂದ ಟಿಇಟಿವರೆಗೆ: ಓದು ಕಲಿಸುವುದನ್ನು ನಮಗೆ ಎಲ್ಲಿ ಕಲಿಸುತ್ತಾರೆ?

ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಪ್ರಮಾಣಪತ್ರ ಕೈಗೆ ಬಂದಿದೆ. ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಎಲ್.ಇಡಿ.ಯ ಎರಡೂ ವರ್ಷಗಳ ಅಂಕಪಟ್ಟಿ ಬಂದಿವೆ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಪಾಠ ಹೇಳುವ ಅರ್ಹತೆ ನನಗಿದೆ ಎಂದು ಈ ಕಾಗದಗಳು ಹೇಳುತ್ತವೆ. ನಮ್ಮೂರಿನಲ್ಲೂ ಪಕ್ಕದ ಊರುಗಳಲ್ಲೂ ಪಿಯುಸಿ ಮುಗಿಸಿದ ಹುಡುಗಿಯರು ಮನೆಗೆ ಬಂದು ಕೇಳುತ್ತಿದ್ದಾರೆ: ‘ಅಕ್ಕಾ, ಯಾವ ಕಾಗದ ಬೇಕು, ಎಷ್ಟು ಖರ್ಚು, ಎಷ್ಟು ಕಾಯಬೇಕು?’ ಅದನ್ನೆಲ್ಲ ಇಲ್ಲಿ ಬರೆಯುತ್ತೇನೆ. ಅವರು ಕೇಳದೆ ಇರುವ ಒಂದು ಸಂಗತಿಯನ್ನೂ ಬರೆಯುತ್ತೇನೆ. ಇಷ್ಟು ಉದ್ದದ ದಾರಿಯಲ್ಲಿ, ಒಂದು ಮಗುವಿಗೆ ಓದು ಕಲಿಸುವುದು ಹೇಗೆಂದು ನಮಗೆ ಎಲ್ಲಿ ಹೇಳಿಕೊಡುತ್ತಾರೆ ಎಂಬುದೇ ಆ ಸಂಗತಿ.

ನಾನು ಪಿಯುಸಿ ಮುಗಿಸಿದ್ದು 2023ರಲ್ಲಿ. ಪದವಿ ಮಾಡಿ ಆಮೇಲೆ ಬಿ.ಇಡಿ. ಮಾಡು ಎಂದವರೇ ಹೆಚ್ಚು. ಅದೇ ವರ್ಷ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ರಾಜಸ್ಥಾನದ ನೇಮಕಾತಿ ತಕರಾರಿನಿಂದ ಶುರುವಾದ ಪ್ರಕರಣ ಅದು. ಪ್ರಾಥಮಿಕ ತರಗತಿಗಳಿಗೆ ಬಿ.ಇಡಿ. ಅರ್ಹತೆಯಾಗಲಾರದು, ಚಿಕ್ಕ ಮಕ್ಕಳಿಗೆ ಕಲಿಸಲು ಅದಕ್ಕೆಂದೇ ಇರುವ ತರಬೇತಿ ಬೇಕು ಎಂದು ನ್ಯಾಯಾಲಯ ಹೇಳಿತು. ಪತ್ರಿಕೆಯಲ್ಲಿ ಅದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಸಣ್ಣ ಮಕ್ಕಳಿಗೆ ಪಾಠ ಹೇಳುವುದು ದೊಡ್ಡ ಮಕ್ಕಳ ಪಾಠಕ್ಕಿಂತ ಸುಲಭವೆಂದು ಎಲ್ಲರೂ ತಿಳಿದಿರುವಾಗ, ಅದಕ್ಕೆ ಬೇರೆಯದೇ ವಿದ್ಯೆ ಬೇಕೆಂದು ದೇಶದ ದೊಡ್ಡ ನ್ಯಾಯಾಲಯ ಒಪ್ಪಿತ್ತು. ಆ ವಿದ್ಯೆಯನ್ನೇ ಕಲಿಯೋಣ ಎಂದು ಡಿ.ಎಲ್.ಇಡಿ.ಗೆ ಅರ್ಜಿ ಹಾಕಿದೆ.

ಕಾಗದಗಳ ಮಾತು. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಗಳು ಬೇಕು. ನಮ್ಮ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಾದರೆ, ಈ ಭಾಗದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರವೂ ಬೇಕು. ಜಾತಿ-ಆದಾಯದ ಕಾಗದ ನಾಡಕಚೇರಿಯಲ್ಲಿ ಬೇಗ ಸಿಗುತ್ತದೆ, ಅದರ ಆರ್.ಡಿ. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 371(ಜೆ) ಹಾಗಲ್ಲ. ಅದು ಉಪವಿಭಾಗದ ಸಹಾಯಕ ಆಯುಕ್ತರ ಸಹಿ ಆಗಿ ಬರಬೇಕು. ಪಿಯುಸಿ ಫಲಿತಾಂಶಕ್ಕೆ ಕಾಯದೆ ಮೊದಲೇ ಮಾಡಿಸಿಕೊಳ್ಳಿ. ನನ್ನ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ಬೇರೆಯಾಗಿ ಅಚ್ಚಾಗಿತ್ತು. ಪರಿಶೀಲನೆಯ ಮೇಜಿನಲ್ಲಿ ಅದನ್ನು ಹಿಡಿದು ಹಿಂದಕ್ಕೆ ಕಳಿಸಿದರು. ನೋಟರಿ ಬಳಿ ಅಫಿಡವಿಟ್ ಮಾಡಿಸಿ ಮತ್ತೆ ಸರದಿಯಲ್ಲಿ ನಿಂತೆ. ಹೆಸರು, ಇನಿಷಿಯಲ್, ಜನ್ಮದಿನಾಂಕ ಎಲ್ಲ ಕಾಗದಗಳಲ್ಲೂ ಒಂದೇ ಇದೆಯೇ ಎಂದು ಮನೆಯಲ್ಲೇ ಒಮ್ಮೆ ಹೋಲಿಸಿ ನೋಡಿ, ಅಷ್ಟು ಅಲೆದಾಟ ಉಳಿಯುತ್ತದೆ.

ಖರ್ಚಿನ ವಿಷಯದಲ್ಲಿ ಹೆದರಬೇಡಿ. ಸರ್ಕಾರಿ ಸಂಸ್ಥೆಯ ಶುಲ್ಕ ಹೊರೆಯಾಗುವಷ್ಟಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದ್ದರಿಂದ ಬಸ್ಸಿನ ಖರ್ಚೂ ತಪ್ಪಿತು. ಹಳ್ಳಿಯಿಂದ ದಿನಾ ಓಡಾಡಿ ಓದಲು ನನಗೆ ಸಾಧ್ಯವಾದದ್ದೇ ಅದರಿಂದ. ದುಡ್ಡು ಹೋಗುವುದು ರೆಕಾರ್ಡ್ ಪುಸ್ತಕ, ಚಾರ್ಟ್, ಬಣ್ಣದ ಪೆನ್ನು, ಜೆರಾಕ್ಸ್, ಬೈಂಡಿಂಗ್‌ಗೆ. ಪ್ರತಿ ವಿಷಯಕ್ಕೂ ಕಲಿಕೋಪಕರಣ ಮಾಡಿಕೊಂಡು ಬರಲು ಹೇಳುತ್ತಾರೆ. ಅಂಗಡಿಯಿಂದ ತಂದ ಥರ್ಮಾಕೋಲ್ ಮಾದರಿಗಿಂತ ಮದುವೆ ಪತ್ರಿಕೆಯ ಹಿಂಬದಿಯಲ್ಲಿ ಬರೆದ ಅಕ್ಷರ ಚೀಟಿಗಳೇ ಆಮೇಲೆ ನನಗೆ ಉಪಯೋಗಕ್ಕೆ ಬಂದವು.

ಮೊದಲ ವರ್ಷದ ತರಗತಿಗಳಲ್ಲಿ ಬಹಳ ಕಲಿತೆ. ಮಗುವಿನ ಬೆಳವಣಿಗೆ, ಶಿಕ್ಷಣದ ಇತಿಹಾಸ, ಮೌಲ್ಯಮಾಪನ ಎಲ್ಲವೂ ಇದ್ದವು. ಕನ್ನಡ ಬೋಧನೆಯ ಪತ್ರಿಕೆಗಾಗಿ ನಾನು ಎಲ್ಲಕ್ಕಿಂತ ಹೆಚ್ಚು ಕಾದಿದ್ದೆ. ಅದರಲ್ಲಿ ಭಾಷೆಯ ನಾಲ್ಕು ಕೌಶಲಗಳು ಬಂದವು. ಓದಿನ ಬಗೆಗಳಾಗಿ ಗಟ್ಟಿ ಓದು, ಮೌನ ಓದು, ಆಳವಾದ ಓದು, ವ್ಯಾಪಕ ಓದು ಬಂದವು. ಅಕ್ಷರ ಪದ್ಧತಿ, ಪದ ಪದ್ಧತಿ, ವಾಕ್ಯ ಪದ್ಧತಿಗಳ ಗುಣ-ದೋಷಗಳನ್ನು ಬರೆಸಿದರು. ಪರೀಕ್ಷೆಗೆ ಅವನ್ನೆಲ್ಲ ಚೆನ್ನಾಗಿ ಓದಿಕೊಂಡೆ, ಒಳ್ಳೆಯ ಅಂಕವೂ ಬಂತು. ಆದರೆ ಮೂರನೇ ತರಗತಿಯ ಒಂದು ಮಗು ಪುಸ್ತಕದ ಮುಂದೆ ತಡವರಿಸುತ್ತಿದ್ದರೆ ಅದರ ಪಕ್ಕದಲ್ಲಿ ಕುಳಿತು ಏನು ಕೇಳಬೇಕು, ಏನನ್ನು ಗಮನಿಸಬೇಕು, ಮರುದಿನ ಏನು ಕೊಡಬೇಕು ಎಂಬುದು ಆ ಪತ್ರಿಕೆಯಲ್ಲಿ ನಮಗೆ ಸಿಗಲಿಲ್ಲ. ಪಾಠ ಮಾಡಿದವರು ಕಾಳಜಿಯಿಂದಲೇ ಮಾಡಿದರು. ಅವರು ಪ್ರೌಢಶಾಲೆಗಳಲ್ಲಿ ವರ್ಷಗಟ್ಟಲೆ ದುಡಿದವರು, ವಿಷಯ ಬಲ್ಲವರು. ಒಂದನೇ ತರಗತಿಯಲ್ಲಿ ಪಾಠ ಮಾಡುವ ಅವಕಾಶ ಅವರಿಗೆ ಬಂದೇ ಇರಲಿಲ್ಲ.

ನಲಿಕಲಿಯ ಬಗ್ಗೆಯೂ ಹೀಗೆಯೇ. ಮಕ್ಕಳು ಗುಂಪುಗಳಾಗಿ ಕುಳಿತು, ಚಟುವಟಿಕೆಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು. ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಮೂರು ತರಗತಿಗಳು ನಡೆದು ಬಂದಿರುವುದೇ ಆ ಪದ್ಧತಿಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿತು, 2009ರ ಹೊತ್ತಿಗೆ ರಾಜ್ಯವನ್ನೆಲ್ಲ ತಲುಪಿತು ಎಂದು ಟಿಪ್ಪಣಿ ಬರೆದುಕೊಂಡೆವು. ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ, ಮೈಲಿಗಲ್ಲು, ಮಕ್ಕಳ ಗುಂಪುಗಳನ್ನು ಸೂಚಿಸುವ ತಟ್ಟೆಗಳ ಹೆಸರುಗಳನ್ನೂ ಬರೆದುಕೊಂಡೆವು. ಒಂದು ಏಣಿಯ ಕೆಳಗೆ ಮಕ್ಕಳೊಂದಿಗೆ ನೆಲದ ಮೇಲೆ ಕುಳಿತು ಅದನ್ನು ನಡೆಸುವ ಅಭ್ಯಾಸ ನಮ್ಮ ಸಂಸ್ಥೆಯಲ್ಲಿ ಇರಲಿಲ್ಲ. ‘ನೌಕರಿ ಸಿಕ್ಕ ಮೇಲೆ ಅದಕ್ಕೆ ಬೇರೆ ತರಬೇತಿ ಕೊಡುತ್ತಾರೆ’ ಎಂದು ಸಮಾಧಾನ ಹೇಳಿದರು.

ಇಂಟರ್ನ್‌ಶಿಪ್ ಬಂತು. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮದಂತೆ ಎರಡು ವರ್ಷಗಳಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿರಬೇಕು, ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. ದೊಡ್ಡ ಅವಧಿಯೇ. ಆದರೆ ಆ ವಾರಗಳಲ್ಲಿ ಯಾವ ತರಗತಿಯಲ್ಲಿ ಇರಬೇಕು ಎಂಬುದನ್ನು ಶಾಲೆಯ ಅನುಕೂಲವೇ ತೀರ್ಮಾನಿಸುತ್ತದೆ. ನಮ್ಮ ಕಡೆ ಖಾಲಿ ಹುದ್ದೆಗಳು ಹೆಚ್ಚು. ಪ್ರಶಿಕ್ಷಣಾರ್ಥಿ ಬಂದರೆಂದರೆ ಐದು, ಆರು, ಏಳನೇ ತರಗತಿಯ ಖಾಲಿ ಪೀರಿಯಡ್‌ಗಳಿಗೆ ಕಳಿಸುತ್ತಾರೆ. ನಲಿಕಲಿ ಕೋಣೆಗೆ ‘ನಿಮಗೆ ತರಬೇತಿ ಆಗಿಲ್ಲವಲ್ಲ’ ಎಂದು ಕಳಿಸುವುದಿಲ್ಲ. ನನ್ನ ಜೊತೆಯ ಬಹಳಷ್ಟು ಗೆಳತಿಯರು ಮೂರನೇ ತರಗತಿಗಿಂತ ಕೆಳಗಿನ ಒಂದು ಮಗುವಿಗೂ ಪಾಠ ಹೇಳದೆ ಇಂಟರ್ನ್‌ಶಿಪ್ ಮುಗಿಸಿದರು.

ನನಗೆ ಆ ಕೋಣೆ ಸಿಕ್ಕಿದ್ದು ಅಲ್ಲಿನ ಟೀಚರ್ ದಯೆಯಿಂದ. ನಲಿಕಲಿ ಬಂದ ಕಾಲದಿಂದಲೂ ಅದನ್ನೇ ನಡೆಸಿಕೊಂಡು ಬಂದವರು. ಮುಖ್ಯ ಗುರುಗಳನ್ನು ಕೇಳಿ ನನ್ನನ್ನು ಬೆಳಗಿನ ಹೊತ್ತು ತಮ್ಮ ಬಳಿ ಇರಿಸಿಕೊಂಡರು. ಶಾಲೆಯ ಪಕ್ಕದಲ್ಲೇ ತಾಂಡಾ ಇತ್ತು, ಅರ್ಧಕ್ಕಿಂತ ಹೆಚ್ಚು ಮಕ್ಕಳು ಮನೆಯಲ್ಲಿ ಲಂಬಾಣಿ ಮಾತನಾಡುವವರು.

ಮೂರನೇ ತರಗತಿಯ ಒಬ್ಬ ಹುಡುಗಿ ಪಾಠವನ್ನು ಪಟಪಟನೆ ಓದಿದಳು. ಚೆನ್ನಾಗಿ ಓದುತ್ತಾಳೆ ಎಂದು ನಾನು ಗುರುತು ಹಾಕಿಕೊಳ್ಳುತ್ತಿದ್ದೆ. ಟೀಚರ್ ಬಂದು, ‘ಕೊನೆಯ ಸಾಲಿನಿಂದ ಮೇಲಕ್ಕೆ ಓದಿಸಮ್ಮ’ ಎಂದರು. ಹುಡುಗಿ ನಿಂತುಬಿಟ್ಟಳು. ಇಡೀ ಪಾಠ ಅವಳಿಗೆ ಬಾಯಿಪಾಠವಾಗಿತ್ತು. ಟೀಚರ್ ಚೀಟಿಯ ಮೇಲೆ ನಲಿಕಲಿಯ ಮೊದಲ ಅಕ್ಷರಗಳಾದ ರ, ಗ, ಸ, ದ, ಅ ಇಷ್ಟರಿಂದಲೇ ಆಗುವ ಪದಗಳನ್ನು ಬರೆದರು: ಸರ, ಅರಸ, ಅಗಸ, ಗರಗಸ. ಅವಳು ಎಲ್ಲವನ್ನೂ ಓದಿದಳು. ಆಮೇಲೆ ‘ಸಾರು’ ಎಂದು ಬರೆದರು. ‘ಸರ’ ಎಂದು ಓದಿದಳು. ‘ಗಿರಿ’ ಬರೆದರೆ ‘ಗರ’ ಎಂದಳು. ‘ಇವಳಿಗೆ ಮೂಲಾಕ್ಷರ ಗಟ್ಟಿಯಾಗಿವೆ. ಇಳಿ, ಗುಡಿಸು, ಕೊಂಬು ಕಣ್ಣಿಗೆ ಬೀಳುತ್ತಿಲ್ಲ. ಒತ್ತಕ್ಷರಕ್ಕೆ ಈಗ ಹೋಗಬೇಡಿ. ಒಂದು ವಾರ ಗುಣಿತ ಮಾತ್ರ, ಅದೂ ಅವಳಿಗೆ ಗೊತ್ತಿರುವ ಪದಗಳಲ್ಲಿ’ ಎಂದು ಹೇಳಿ ಮುಂದಿನ ಗುಂಪಿಗೆ ಹೋದರು.

ಪಕ್ಕದ ಹುಡುಗನದು ಬೇರೆ ಕಥೆ. ಅವನು ಯಾವ ಪುಟವನ್ನು ತೆರೆದರೂ ಸರಿಯಾಗಿ ಓದುತ್ತಿದ್ದ. ಓದಿದ್ದೇನೆಂದು ಕೇಳಿದರೆ ಸುಮ್ಮನೆ ನಮ್ಮ ಮುಖ ನೋಡುತ್ತಿದ್ದ. ಅಕ್ಷರಗಳೆಲ್ಲ ಅವನಿಗೆ ಬಂದಿದ್ದವು, ಪಠ್ಯಪುಸ್ತಕದ ಕನ್ನಡ ಬಂದಿರಲಿಲ್ಲ. ಅವನಿಗೆ ಬೇಕಾಗಿದ್ದುದು ಮಾತು, ಕಥೆ, ಚಿತ್ರ ನೋಡಿ ಹರಟುವುದು. ಇನ್ನೊಬ್ಬಳು ‘ಸೂರ್ಯ’ದಲ್ಲಿ ನಿಲ್ಲುತ್ತಿದ್ದಳು. ಅರ್ಕಾವತ್ತು ಯಕಾರದ ಬಲಕ್ಕೆ ಬರುತ್ತದೆ, ಉಚ್ಚರಿಸುವಾಗ ಯಕಾರಕ್ಕಿಂತ ಮೊದಲು ಬರುತ್ತದೆ ಎಂಬುದನ್ನು ಯಾರೂ ಅವಳಿಗೆ ತೋರಿಸಿರಲಿಲ್ಲ. ಮೂವರನ್ನೂ ನಾವು ‘ನಿಧಾನಗತಿಯ ಕಲಿಕೆಯ ಮಕ್ಕಳು’ ಎಂಬ ಒಂದೇ ಕಾಲಂನಲ್ಲಿ ಬರೆಯುತ್ತಿದ್ದೆವು. ಜ್ವರ ಬಂದವರಿಗೆಲ್ಲ ಒಂದೇ ಗುಳಿಗೆ ಕೊಟ್ಟಂತೆ ಎಲ್ಲರಿಗೂ ಕಾಗುಣಿತ ಬರೆಯಿರಿ ಎನ್ನುವುದು ರೂಢಿಯಾಗಿತ್ತು.

ಟೀಚರ್‌ಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳಿದೆ. ‘ಮಕ್ಕಳನ್ನು ನೋಡಿ ನೋಡಿ ಗೊತ್ತಾಯಿತಮ್ಮ. ಮೊದಲ ಹತ್ತು ವರ್ಷ ನನಗೂ ಗೊತ್ತಿರಲಿಲ್ಲ’ ಎಂದರು. ಆ ಹತ್ತು ವರ್ಷಗಳಲ್ಲಿ ಅವರ ಕೋಣೆಯಿಂದ ದಾಟಿ ಹೋದ ಮಕ್ಕಳನ್ನು ನೆನೆದು ನನಗೆ ಬಹಳ ಸಂಕಟವಾಯಿತು. ಒಬ್ಬ ಒಳ್ಳೆಯ ಶಿಕ್ಷಕಿ ಸ್ವಂತ ಕಷ್ಟದಿಂದ ಹತ್ತು ವರ್ಷಕ್ಕೆ ಕಂಡುಕೊಂಡದ್ದನ್ನು ಹೊಸಬರಿಗೆ ಮೊದಲೇ ಹೇಳಿಕೊಡುವುದಕ್ಕಲ್ಲವೇ ಶಿಕ್ಷಕರ ತರಬೇತಿ ಇರುವುದು?

ಈ ತಿಳಿವಳಿಕೆ ಎಲ್ಲೂ ಇಲ್ಲವೆಂದಲ್ಲ. ಕನ್ನಡದ ಮಕ್ಕಳು ಓದು ಕಲಿಯುವ ವೇಗದ ಬಗ್ಗೆ ಸೊನಾಲಿ ನಾಗ್ ಅವರ ಸಂಶೋಧನೆ 2007ರಲ್ಲೇ ಪ್ರಕಟವಾಗಿದೆ. ಇಂಗ್ಲಿಷಿನ 26 ಅಕ್ಷರಗಳಂತೆ ನಮ್ಮ ಲಿಪಿ ಒಂದು ವರ್ಷದಲ್ಲಿ ಕೈವಶವಾಗುವುದಿಲ್ಲ. ಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳಾಗುತ್ತವೆ, ಅವುಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ ಎಂಬುದು ಅದರ ತಿರುಳು. ನಮ್ಮ ಯಾದಗಿರಿ ಭಾಗದಲ್ಲೇ ಶೈಲಜಾ ಮೆನನ್ ಮತ್ತು ಸಂಗಡಿಗರು ಕಳೆದ ದಶಕದಲ್ಲಿ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಿದರು. ಮೂರನೇ ತರಗತಿ ಮುಗಿಯುವ ಹೊತ್ತಿಗೂ ಎಷ್ಟೋ ಮಕ್ಕಳು ಸರಳ ಪದಗಳಲ್ಲೇ ಸಿಕ್ಕಿಕೊಂಡಿದ್ದುದನ್ನು ಅವರು ದಾಖಲಿಸಿದ್ದಾರೆ. ನಮ್ಮದೇ ನೆಲದ ಮಕ್ಕಳ ಬಗ್ಗೆ ನಡೆದ ಈ ಕೆಲಸ, ಇದೇ ಮಕ್ಕಳಿಗೆ ಪಾಠ ಹೇಳಲು ಸಿದ್ಧವಾಗುತ್ತಿದ್ದ ನಮ್ಮ ತರಗತಿಯೊಳಗೆ ಬರಲಿಲ್ಲ. ಇಂಟರ್ನ್‌ಶಿಪ್ ಮುಗಿದ ಮೇಲೆ ನಾನೇ ಹುಡುಕಿಕೊಂಡು ಓದಿದೆ.

ಎರಡನೇ ವರ್ಷದ ಪರೀಕ್ಷೆ, ಫಲಿತಾಂಶ, ಅಂಕಪಟ್ಟಿಗಾಗಿ ಕಾಯುವುದು, ಇವನ್ನೆಲ್ಲ ಹೆಚ್ಚು ಬೆಳೆಸುವುದಿಲ್ಲ. ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಮೂಲ ಅಂಕಪಟ್ಟಿ ತಡವಾಗುವುದುಂಟು, ಆನ್‌ಲೈನ್ ಪ್ರತಿಯನ್ನು ಇಳಿಸಿಟ್ಟುಕೊಳ್ಳಿ.

ಆಮೇಲಿನ ಮೆಟ್ಟಿಲು ಟಿಇಟಿ. ಒಂದು ಪತ್ರಿಕೆಗೆ ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ ಶುಲ್ಕ 700 ರೂಪಾಯಿ, ಪರಿಶಿಷ್ಟರಿಗೆ ಮತ್ತು ಪ್ರವರ್ಗ-1ಕ್ಕೆ ಅದರ ಅರ್ಧ. 150 ಪ್ರಶ್ನೆ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಪಾಸಾಗಲು ಶೇ 60, ಮೀಸಲು ವರ್ಗದ ಕೆಲವರಿಗೆ ಶೇ 55. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ. ಮೊದಲಿದ್ದ ಏಳು ವರ್ಷದ ಮಿತಿಯನ್ನು 2021ರಲ್ಲಿ ತೆಗೆದರು. ನಮ್ಮಲ್ಲಿ ಸಾವಿರಾರು ರೂಪಾಯಿ ಕೊಟ್ಟು ಕೋಚಿಂಗ್‌ಗೆ ಹೋದವರಿದ್ದಾರೆ. ನಾನು ಒಂದರಿಂದ ಎಂಟರವರೆಗಿನ ಸರ್ಕಾರಿ ಪಠ್ಯಪುಸ್ತಕಗಳು ಮತ್ತು ಹಳೆಯ ಪ್ರಶ್ನೆಪತ್ರಿಕೆಗಳಿಂದಲೇ ಓದಿದೆ. ಅಷ್ಟು ಸಾಕಾಯಿತು.

2025ರ ಡಿಸೆಂಬರ್‌ನ ಪರೀಕ್ಷಾ ಕೋಣೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಇದ್ದವರು ನನ್ನ ತಾಯಿಯ ವಯಸ್ಸಿನ ಶಿಕ್ಷಕಿ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಸೇವಾನಿರತ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದು ಸುಪ್ರೀಂ ಕೋರ್ಟ್ ಅದೇ ಸೆಪ್ಟೆಂಬರ್‌ನಲ್ಲಿ ಹೇಳಿತ್ತು. ‘ನೌಕರಿಯೇ ಹೋಗುತ್ತದೇನೋ ಮಗಳೇ’ ಎನ್ನುತ್ತ ಕೈಯಲ್ಲಿದ್ದ ಹಾಲ್ ಟಿಕೆಟ್ ತಿರುಗಿಸುತ್ತಿದ್ದರು. ಅವರನ್ನು ನೋಡಿ ನನಗೆ ನನ್ನ ನಲಿಕಲಿ ಟೀಚರ್ ನೆನಪಾದರು. ಭಾಷೆಯ 30 ಪ್ರಶ್ನೆಗಳಲ್ಲಿ ಗದ್ಯ-ಪದ್ಯದ ಗ್ರಹಿಕೆ ಇತ್ತು, ಬೋಧನಾ ಶಾಸ್ತ್ರದ ಪಾಲೂ ಇತ್ತು. ನಾನು ಶಾಲೆಯಲ್ಲಿ ಕಲಿತದ್ದನ್ನು ಪರೀಕ್ಷಿಸುವ ಪ್ರಶ್ನೆಗಾಗಿ ಕೊನೆಯ ಪುಟದವರೆಗೂ ಹುಡುಕಿದೆ, ಸಿಗಲಿಲ್ಲ. ಯಾವ ಮಗು ಎಲ್ಲಿ ನಿಂತಿದೆಯೆಂದು ಒಂದು ಚೀಟಿಯಿಂದ ಕಂಡುಹಿಡಿಯುವ ಶಿಕ್ಷಕಿಗೂ, ಓದಿನ ಬಗೆಗಳನ್ನು ಬಾಯಿಪಾಠ ಮಾಡಿದವರಿಗೂ ಈ ಪರೀಕ್ಷೆ ಅದೇ ಅಂಕ ಕೊಡುತ್ತದೆ. ಮೊದಲನೆಯವರಿಗೆ ಕಡಿಮೆಯೂ ಬರಬಹುದು.

ಇಷ್ಟೆಲ್ಲ ದಾಟಿ ಬಂದ ಮೇಲೆ ನನಗೆ ಸ್ಪಷ್ಟವಾಗಿ ಕಾಣುವುದನ್ನು ಹೇಳಿಬಿಡುತ್ತೇನೆ. ನಿಪುಣ್ ಭಾರತ್ ಯೋಜನೆ 2021ರಲ್ಲಿ ಬಂತು. 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕೆಂಬ ಗುರಿ ಇಟ್ಟಿತು. ನಿಮಿಷಕ್ಕೆ ಇಷ್ಟು ಪದ ಎಂಬ ಲೆಕ್ಕವೂ ಬಂತು. ಹಳ್ಳಿಗಳಲ್ಲಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಂತೆ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 23.4. ಹಿಂದಿಗಿಂತ ಇದು ಏರಿಕೆಯೇ, ಆದರೂ ನಾಲ್ಕರಲ್ಲಿ ಒಂದು ಮಗುವೂ ಇಲ್ಲ. ಮಕ್ಕಳನ್ನು ಅಳೆಯಲು ತೋರಿದ ಆಸಕ್ತಿಯನ್ನು ಶಿಕ್ಷಕರನ್ನು ತಯಾರು ಮಾಡುವಲ್ಲೂ ತೋರಿಸಬೇಕು. ಹೆಚ್ಚು ದುಡ್ಡಿಲ್ಲದೆ ಆಗುವ ಬದಲಾವಣೆಗಳೇ ಬೇಕಾದಷ್ಟಿವೆ. ಹದಿನಾರು ವಾರಗಳಲ್ಲಿ ಕನಿಷ್ಠ ಆರು ವಾರ ಒಂದರಿಂದ ಮೂರನೇ ತರಗತಿಯ ಕೋಣೆಯಲ್ಲೇ, ಅನುಭವಿ ಶಿಕ್ಷಕಿಯ ಪಕ್ಕದಲ್ಲೇ ಕಳೆಯಬೇಕೆಂದು ಆದೇಶಿಸಬಹುದು. ಆ ಶಿಕ್ಷಕಿಗೆ ಆ ಕೆಲಸಕ್ಕಾಗಿ ಸ್ವಲ್ಪ ಗೌರವಧನ, ಸ್ವಲ್ಪ ಬಿಡುವು ಕೊಡಬಹುದು. ನಾವು ಬರೆಯುವ ದಪ್ಪ ರೆಕಾರ್ಡ್‌ಗಳಲ್ಲಿ ಒಂದನ್ನು ತೆಗೆದು, ಓದಲು ಬಾರದ ಒಂದೇ ಮಗುವಿನ ಜೊತೆ ಕುಳಿತು ಬರೆದ ಓದಿನ ದಾಖಲೆಯನ್ನು ಅಲ್ಲಿ ಇರಿಸಬಹುದು. ಟಿಇಟಿಯಲ್ಲಿ ಮಗು ‘ಸಾರು’ವನ್ನು ‘ಸರ’ ಎಂದು ಓದಿದ್ದನ್ನು ಕೊಟ್ಟು, ನಾಳೆ ಏನು ಮಾಡುತ್ತೀರಿ ಎಂದು ಕೇಳಬಹುದು. ಹಾಗೆ ಕೇಳಿದ ವರ್ಷವೇ ಕೋಚಿಂಗ್ ಕೇಂದ್ರಗಳೂ ಅದನ್ನು ಹೇಳಿಕೊಡಲು ಶುರು ಮಾಡುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ (ಡಯಟ್) ನಮಗೆ ಪಾಠ ಹೇಳುವವರಲ್ಲಿ ಒಬ್ಬರಾದರೂ ಸಣ್ಣ ಮಕ್ಕಳಿಗೆ ಓದು ಕಲಿಸಿ ಬಂದವರಿರಬೇಕು. ನನಗೆ ಕಲಿಸಿದ ನಲಿಕಲಿ ಟೀಚರ್ ಅಂಥವರು ಉಪನ್ಯಾಸಕರಾಗಿ ಬಂದದ್ದನ್ನು ನಾನು ಕಂಡಿಲ್ಲ. ವಾರಕ್ಕೊಮ್ಮೆ ಅತಿಥಿಯಾಗಿ ಕರೆಸಿದರೂ ಸಾಕು.

ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಕೆ, ದ್ವಿಭಾಷಾ ನೀತಿ, ಇವುಗಳ ಮೇಲೆ ಚರ್ಚೆ ನಡೆಯಿತು. ಯಾವ ಮಾಧ್ಯಮ ಎಂಬ ಪ್ರಶ್ನೆ ದೊಡ್ಡದೇ. ಮಾಧ್ಯಮ ಕನ್ನಡವೇ ಆದರೂ ತಾಂಡಾದ ಮಗುವಿಗೆ ಕನ್ನಡ ಓದು ಕಲಿಸಬಲ್ಲ ಶಿಕ್ಷಕಿ ಆ ಕೋಣೆಯಲ್ಲಿ ಇರಬೇಕಲ್ಲವೇ? ಈ ಮಾತನ್ನೆಲ್ಲ ಬರೆದು, ನನ್ನ ಜೊತೆ ಓದಿದವರ ಸಹಿ ಹಾಕಿಸಿ, ಪಠ್ಯಕ್ರಮ ನೋಡಿಕೊಳ್ಳುವ ಡಿಎಸ್‌ಇಆರ್‌ಟಿಗೆ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಮತ್ತೆ ಕಳಿಸುತ್ತೇನೆ.

ಈಗ ಓದುತ್ತಿರುವವರಿಗೆ ಕೆಲವು ಮಾತು. ಇಂಟರ್ನ್‌ಶಿಪ್‌ಗೆ ಶಾಲೆ ಹಂಚುವ ಮೊದಲೇ ನಲಿಕಲಿ ಕೋಣೆ ಬೇಕೆಂದು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ಮರೆತುಹೋಗುತ್ತದೆ. ಬುನಾದಿ ಓದಿನ ಬಗ್ಗೆ ನಿಷ್ಠಾ ತರಬೇತಿಯ ಸಾಮಗ್ರಿ ಸರ್ಕಾರದ ಆನ್‌ಲೈನ್ ವೇದಿಕೆಯಾದ ದೀಕ್ಷಾದಲ್ಲಿದೆ, ಕೆಲಸದಲ್ಲಿರುವ ಶಿಕ್ಷಕರಿಗಾಗಿ ಮಾಡಿದ್ದಾದರೂ ನಮಗೂ ಪ್ರಯೋಜನವಿದೆ. ಓದಿ ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಮಗುವಿನ ಪಕ್ಕದಲ್ಲಿ ಕುಳಿತು ಕಲಿಯುವುದು ಮೊಬೈಲ್ ಪರದೆಯಲ್ಲಿ ಬರುವುದಿಲ್ಲ. ಪರಿಚಿತ ಪಾಠವನ್ನು ಕೆಳಗಿನಿಂದ ಮೇಲಕ್ಕೆ ಓದಿಸುವುದು, ಮೂಲಾಕ್ಷರದ ಪದ, ಗುಣಿತದ ಪದ, ಒತ್ತಕ್ಷರದ ಪದ ಎಂದು ಮೂರು ಚೀಟಿ ಇಟ್ಟುಕೊಳ್ಳುವುದು, ಓದಿದ ಮೇಲೆ ಮಗುವಿನ ಮನೆಮಾತಿನಲ್ಲೇ ಕಥೆ ಹೇಳಿಸುವುದು, ಇಷ್ಟನ್ನು ಯಾರ ಅನುಮತಿಯೂ ಇಲ್ಲದೆ ಮೊದಲ ದಿನದಿಂದಲೇ ಮಾಡಬಹುದು.

ನಾನೀಗ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿ ಅಧಿಸೂಚನೆಗಾಗಿ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಅತಿಥಿ ಶಿಕ್ಷಕಿಯಾಗಿ ಕೆಲಸ ಮಾಡುವ ಯೋಚನೆ ಇದೆ. ಶಾಲೆ ಶುರುವಾಗುವ ಹೊತ್ತಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಖಾಲಿ ಹುದ್ದೆಗಳ ಪಟ್ಟಿ ವಿಚಾರಿಸಿ, ಅಂಕಪಟ್ಟಿ ಮತ್ತು ಟಿಇಟಿ ಪ್ರಮಾಣಪತ್ರದ ಪ್ರತಿಗಳೊಂದಿಗೆ ಶಾಲೆಯ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಡಬೇಕು. ಗೌರವಧನ ಕಡಿಮೆ, ತಿಂಗಳು ತಿಂಗಳು ಬರುವ ಖಾತ್ರಿಯೂ ಇಲ್ಲ, ಮನೆಯವರಿಗೆ ಮೊದಲೇ ತಿಳಿಸಿಡಿ. ಒಂದರಿಂದ ಮೂರನೇ ತರಗತಿ ಬೇಕೆಂದು ನನ್ನ ಅರ್ಜಿಯಲ್ಲೇ ಬರೆಯುತ್ತೇನೆ. ನೀವೂ ಹಾಗೆಯೇ ಬರೆಯಿರಿ.